ಕನ್ನಡ ಸಂಸ್ಕೃತದ ಮಗಳೇ? ಜರ್ಮನ್ ಪಂಡಿತರ ‘ಧ್ವನಿ ನಿಯಮ’ ಹೇಳುವುದೇನು

‘ಕನ್ನಡ ಹುಟ್ಟಿದ್ದೇ ಸಂಸ್ಕೃತದಿಂದ’ ಎಂಬ ಮಾತನ್ನು ಶಾಲೆಯಲ್ಲಿ, ಭಾಷಣಗಳಲ್ಲಿ, ಈಗ ವಾಟ್ಸಾಪ್‌ನಲ್ಲಿ ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಕೊಡುವ ಸಾಕ್ಷಿ ಸಾಮಾನ್ಯವಾಗಿ ಒಂದೇ: ಕನ್ನಡದಲ್ಲಿ ಸಂಸ್ಕೃತ ಪದಗಳು ರಾಶಿ ರಾಶಿ ಇವೆ. ಪದಗಳು ಇರುವುದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಏಕೆ ತಪ್ಪು ಎಂದು ತಿಳಿಯಲು 200 ವರ್ಷಗಳ ಹಿಂದೆ ಜರ್ಮನಿಯಲ್ಲಿ ಬೆಳೆದ ಒಂದು ವಿಧಾನ ನೆರವಾಗುತ್ತದೆ. ಅದನ್ನು ಹಲಗೇರಿ, ಬ್ಯಾಡಗಿ ಕಡೆಯ ಮನೆಮಾತಿನ ಮೇಲೂ ಪ್ರಯೋಗಿಸಿ ನೋಡಬಹುದು.

1816ರಲ್ಲಿ ಫ್ರಾಂಜ್ ಬಾಪ್ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಶಿಯನ್ ಮತ್ತು ಜರ್ಮನಿಕ್ ಭಾಷೆಗಳ ಕ್ರಿಯಾಪದಗಳನ್ನು ಹೋಲಿಸಿದ. 1822ರಲ್ಲಿ ಯಾಕೋಬ್ ಗ್ರಿಮ್ ಇನ್ನೊಂದು ಸಂಗತಿಯನ್ನು ವಿವರವಾಗಿ ತೋರಿಸಿದ (ಮಕ್ಕಳ ಕಥೆಗಳ ಗ್ರಿಮ್ ಸೋದರರಲ್ಲಿ ದೊಡ್ಡವನೇ ಈತ). ಲ್ಯಾಟಿನ್ನಿನ ‘ಪಾಟೆರ್’ ಇಂಗ್ಲಿಷಿನಲ್ಲಿ ‘ಫಾದರ್’. ‘ಪಿಸ್ಕಿಸ್’ ಇಂಗ್ಲಿಷಿನಲ್ಲಿ ‘ಫಿಶ್’. ಅಲ್ಲಿನ ಪಕಾರ ಇಲ್ಲಿ ಫಕಾರ, ಅದೂ ಕ್ರಮಬದ್ಧವಾಗಿ. ಇದನ್ನು ಗ್ರಿಮ್ ‘ಲಾಟ್‌ಫರ್‌ಶೀಬುಂಗ್’ ಎಂದು ಕರೆದ, ಅಂದರೆ ಧ್ವನಿಪಲ್ಲಟ. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ ಇದನ್ನು ಅವನಿಗಿಂತ ಮೊದಲೇ, 1818ರಲ್ಲಿ ಹೇಳಿದ್ದ. ಆದರೂ ಹೆಸರು ಉಳಿದದ್ದು ಗ್ರಿಮ್‌ನದು.

ಈಗ ನಮ್ಮ ಕಡೆ ಬರೋಣ. ಹಾಲು, ಹುಲಿ, ಹತ್ತು, ಹಲ್ಲು, ಹಳ್ಳಿ: ಇವು ಹಳಗನ್ನಡದಲ್ಲಿ ಪಾಲ್, ಪುಲಿ, ಪತ್ತು, ಪಲ್, ಪಳ್ಳಿ. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿದ ಈ ಬದಲಾವಣೆ ಮುಂದೆ ಇಡೀ ಕನ್ನಡವನ್ನು ಆವರಿಸಿತು. ತಮಿಳಿನಲ್ಲಿ ಇಂದಿಗೂ ಪಾಲ್, ಪುಲಿ, ಪತ್ತು. ತೆಲುಗಿನಲ್ಲಿ ಪಾಲು, ಪುಲಿ, ಪದಿ. ಸಂಸ್ಕೃತದಲ್ಲಿ? ಕ್ಷೀರ, ವ್ಯಾಘ್ರ, ದಶ. ಯಾವ ಧ್ವನಿ ನಿಯಮ ಹಚ್ಚಿದರೂ ವ್ಯಾಘ್ರ ಹುಲಿಯಾಗುವುದಿಲ್ಲ.

ಇದೇ ನಿಯಮ ಸಾಲದ ಪದಗಳನ್ನೂ ಹಿಡಿದುಕೊಡುತ್ತದೆ. ಪೂಜೆ, ಪುಣ್ಯ, ಪಾಪ, ಪತ್ರ ಎಲ್ಲವೂ ಪಕಾರದಲ್ಲೇ ನಿಂತಿವೆ, ಏಕೆಂದರೆ ಸಂಸ್ಕೃತದ ಮೂಲರೂಪ ಓದಿದವರ ಬಾಯಲ್ಲಿ ಸದಾ ಇತ್ತು. ಜನರ ಬಾಯಿಗೆ ಬಿದ್ದು ತದ್ಭವವಾದ ‘ಪರ್ವ’ ಮಾತ್ರ ‘ಪಬ್ಬ’ವಾಗಿ, ಕೊನೆಗೆ ‘ಹಬ್ಬ’ವಾಯಿತು. ಒಂದೇ ಅಚ್ಚಗನ್ನಡ ಪದ ಎರಡಾಗಿ ಒಡೆದದ್ದೂ ಉಂಟು. ಹಳೆಯ ‘ಪಡೆ’ ಎಂಬ ಕ್ರಿಯಾಪದಕ್ಕೆ ಹೊಂದು ಎಂದೂ ಹೆರು ಎಂದೂ ಅರ್ಥವಿತ್ತು. ಬರಹದಲ್ಲಿ ನಾವು ‘ಪ್ರಶಸ್ತಿ ಪಡೆದರು’ ಎನ್ನುತ್ತೇವೆ; ಹಾವೇರಿ ಕಡೆಯ ಮನೆಗಳಲ್ಲಿ ತಾಯಿ ‘ಹಡೆದವ್ವ’. ಪುಸ್ತಕ ಹಳೆಯ ಧ್ವನಿಯನ್ನು ಇಟ್ಟುಕೊಂಡಿತು, ಮನೆ ಹೊಸದನ್ನು. 1870ರ ದಶಕದಲ್ಲಿ ಲೈಪ್‌ಜಿಗ್‌ನ ‘ಯುಂಗ್‌ಗ್ರಮಾಟಿಕರ್’ ಎಂಬ ಯುವ ವ್ಯಾಕರಣಕಾರರು ಧ್ವನಿ ನಿಯಮಕ್ಕೆ ಅಪವಾದವೇ ಇಲ್ಲ ಎಂದು ಹಟ ಹಿಡಿದಿದ್ದರು. ಹಟ ಸ್ವಲ್ಪ ಅತಿಯಾಯಿತು ಅನ್ನಿಸಿದರೂ, ಅಪವಾದ ಕಂಡಲ್ಲೆಲ್ಲ ಕಾರಣ ಹುಡುಕುವ ರೂಢಿ ಬಿದ್ದದ್ದು ಅದರಿಂದಲೇ.

ಒಂದು ತಮಾಷೆ ನೋಡಿ. ಎರಡು, ಮೂರು ಎಂಬುದಕ್ಕೆ ಸಂಸ್ಕೃತದಲ್ಲಿ ದ್ವಿ, ತ್ರಿ. ಜರ್ಮನ್ನಿನಲ್ಲಿ ತ್ಸ್ವೈ, ದ್ರೈ. ವಂಶದ ಲೆಕ್ಕದಲ್ಲಿ ಸಂಸ್ಕೃತಕ್ಕೆ ದಾಯಾದಿ ಜರ್ಮನ್ನೇ ಹೊರತು ಕನ್ನಡವಲ್ಲ. ಕನ್ನಡ ಸಾವಿರಾರು ವರ್ಷ ಕೊಡು-ಕೊಳ್ಳು ನಡೆಸಿದ ನೆರೆಮನೆ.

ತಾಯಿ, ಮಗಳು, ಭಾಷಾ ಕುಟುಂಬ ಎಂಬ ಮಾತುಗಳೂ ಗೊಂದಲ ಹೆಚ್ಚಿಸಿವೆ. ಔಗುಸ್ಟ್ ಶ್ಲೈಖರ್ ಭಾಷೆಗಳನ್ನು ‘ಸ್ಟಾಮ್‌ಬೌಮ್’ ಅಂದರೆ ವಂಶವೃಕ್ಷವಾಗಿ ಬರೆದು ತೋರಿಸಿದ. ಆ ಮರದಲ್ಲಿ ಕವಲೊಡೆಯುವುದು ಕಾಣುತ್ತದೆ, ನೆರೆಯವರ ಸಾಲ ಕಾಣುವುದಿಲ್ಲ. ಅವನ ಶಿಷ್ಯ ಯೊಹಾನೆಸ್ ಸ್ಮಿಟ್ 1872ರಲ್ಲಿ ಅದಕ್ಕೆ ಬದಲು ನೀರಿನ ಅಲೆಗಳ ಹೋಲಿಕೆ ಕೊಟ್ಟ. ಇವರೆಲ್ಲರಿಗಿಂತ ಮೊದಲು, 1808ರಲ್ಲಿ, ಫ್ರೀಡ್ರಿಖ್ ಶ್ಲೇಗಲ್ ಸಂಸ್ಕೃತದಂಥ ಭಾಷೆಗಳನ್ನು ಜೀವಂತ ಬೀಜಕ್ಕೆ ಹೋಲಿಸಿ, ಪ್ರತ್ಯಯ ಅಂಟಿಸುವ ಭಾಷೆಗಳನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದ. ‘ಮನೆಗಳಲ್ಲಿ’ ಎಂದು ಪ್ರತ್ಯಯ ಪೋಣಿಸುವ ಕನ್ನಡವೂ ಆ ಲೆಕ್ಕದಲ್ಲಿ ಕೆಳಗೇ. ಅದು ವಿಜ್ಞಾನವಲ್ಲ, ಅಭಿರುಚಿ. ಇಂದಿನ ಭಾಷಾವಿಜ್ಞಾನ ಆ ಶ್ರೇಣಿಯನ್ನು ಒಪ್ಪುವುದಿಲ್ಲ.

ದ್ರಾವಿಡ ಭಾಷೆಗಳು ಬೇರೆ ಕುಟುಂಬ ಎಂದು ಮೊದಲು ವಾದಿಸಿದವರು ಜರ್ಮನ್ನರಲ್ಲ. 1816ರಲ್ಲಿ ಮದ್ರಾಸಿನ ಅಧಿಕಾರಿ ಎಫ್. ಡಬ್ಲ್ಯೂ. ಎಲ್ಲಿಸ್, 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆ ಕೆಲಸ ಮಾಡಿದರು. ಕನ್ನಡದ ಪದ ಪದವನ್ನೂ ಆ ಬೆಳಕಿನಲ್ಲಿ ಇಟ್ಟು ನೋಡಿದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಇಲ್ಲಿಗೆ ಬಂದ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳನ್ನು ಕೂಡಿಸಿದರು. ಇದೇ ಕನ್ನಡದ ಮೊದಲ ನಿಘಂಟು ಎನ್ನುವುದೂ ತಪ್ಪು, ವಿಲಿಯಂ ರೀವ್ ಅವರದು 1832ರಲ್ಲೇ ಬಂದಿತ್ತು. ಕಿಟೆಲ್ ಅವರ ಹೆಚ್ಚುಗಾರಿಕೆ ಬೇರೆ. ದೇಶ್ಯ ಪದಗಳ ಜೊತೆ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಕೊಟ್ಟರು, ತದ್ಭವವನ್ನು ತದ್ಭವವೆಂದೇ ಗುರುತಿಸಿದರು. ಆಗ ‘ದಕ್ಷಿಣ ಮರಾಠಾ ಪ್ರಾಂತ್ಯ’ ಎನ್ನಿಸಿಕೊಂಡಿದ್ದ ಧಾರವಾಡ ಸೀಮೆಯ ಬಳಕೆಗೆ ಪ್ರತ್ಯೇಕ ಗುರುತು ಹಾಕಿದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು.

ಸಾಲ ಒಮ್ಮುಖವಲ್ಲ ಎಂಬುದನ್ನೂ ಕಿಟೆಲ್ ಕಂಡಿದ್ದರು. 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ, ಸಂಸ್ಕೃತ ನಿಘಂಟುಗಳೊಳಗೆ ಸೇರಿಕೊಂಡಿರುವ ದ್ರಾವಿಡ ಪದಗಳ ಬಗ್ಗೆಯೇ ಲೇಖನ ಬರೆದರು. ‘ಮೀನ’, ‘ನೀರ’ ಎಂಬ ಸಂಸ್ಕೃತ ಪದಗಳು ನಮ್ಮ ಮೀನು, ನೀರುಗಳ ಬಳಗದಿಂದಲೇ ಅಲ್ಲಿಗೆ ಹೋದವು ಎಂಬುದು ಇಂದು ಬಹುತೇಕ ಭಾಷಾವಿಜ್ಞಾನಿಗಳ ಅಭಿಪ್ರಾಯ.