ಲೈಬೀರಿಯದ ಮಹಿಳಾ ಶಾಂತಿ ಚಳವಳಿ

ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ 1989ರಿಂದ ಬಿಟ್ಟು ಬಿಟ್ಟು ನಡೆಯುತ್ತಿದ್ದ ಅಂತರ್ಯುದ್ಧ ನಿಲ್ಲಬೇಕೆಂದು 2003ರಲ್ಲಿ ಅಲ್ಲಿನ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಕೂಡಿ ನಡೆಸಿದ ಧರಣಿ ಚಳವಳಿ. ರಾಜಧಾನಿ ಮನ್ರೋವಿಯದ ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಮೊದಲಾದ ಧರಣಿ ಘಾನಾದ ಅಕ್ರಾದಲ್ಲಿ ನಡೆದ ಸಂಧಾನ ಸಭೆಯ ಬಾಗಿಲವರೆಗೂ ಹೋಯಿತು. ಆ ವರ್ಷದ ಆಗಸ್ಟ್ 18ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಚಳವಳಿಯ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಯುದ್ಧ ಮತ್ತು ಶಾಂತಿಯ ವಿಚಾರದಲ್ಲಿ ಹೆಂಗಸರ ಪಾಲುಗಾರಿಕೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಉದಾಹರಣೆ ಇದು. ಆದರೆ ನೆನಪಿನಲ್ಲಿ ಉಳಿದಿರುವುದು ಒಂದೆರಡು ನಾಟಕೀಯ ದೃಶ್ಯಗಳು. ಅವುಗಳ ಹಿಂದಿನ ಎರಡು ವರ್ಷದ ತಿರುಗಾಟ, ಮುಂದಿನ ಎರಡೂವರೆ ವರ್ಷದ ಕಾವಲು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಹಿನ್ನೆಲೆ

ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನರು 1822ರಿಂದ ಈ ಕರಾವಳಿಗೆ ಬಂದು ನೆಲೆಸಿ 1847ರಲ್ಲಿ ಗಣರಾಜ್ಯವನ್ನು ಘೋಷಿಸಿದರು. ಸಂಖ್ಯೆಯಲ್ಲಿ ಬಹಳ ಕಡಿಮೆಯಿದ್ದ ಇವರ ವಂಶಸ್ಥರು ಒಳನಾಡಿನ ಬುಡಕಟ್ಟುಗಳನ್ನು ದೂರವಿಟ್ಟು 1980ರವರೆಗೆ ಆಳಿದರು. ಆ ವರ್ಷ ಸಾರ್ಜೆಂಟ್ ದರ್ಜೆಯ ಸೈನಿಕ ಸ್ಯಾಮ್ಯುಯೆಲ್ ಡೋ ಅಧ್ಯಕ್ಷ ಟಾಲ್ಬರ್ಟ್‌ನನ್ನು ಕೊಂದು ಅಧಿಕಾರ ಹಿಡಿದ. 1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರ್‌ನ ಪಡೆ ಐವರಿ ಕೋಸ್ಟ್ ಗಡಿ ದಾಟಿ ನಿಂಬಾ ಪ್ರಾಂತಕ್ಕೆ ನುಗ್ಗಿತು. ಮರುವರ್ಷ ಡೋನನ್ನು ಮತ್ತೊಬ್ಬ ಬಂಡಾಯಗಾರ ಪ್ರಿನ್ಸ್ ಜಾನ್ಸನ್ ಸೆರೆಹಿಡಿದು ಕೊಂದ. ಮುಂದೆ ಒಪ್ಪಂದದ ಮೇಲೆ ಒಪ್ಪಂದವಾಗಿ ಎಲ್ಲವೂ ಮುರಿದುಬಿದ್ದವು. 1997ರ ಚುನಾವಣೆಯಲ್ಲಿ ಟೇಲರನೇ ಗೆದ್ದು ಅಧ್ಯಕ್ಷನಾದ. ಇವನನ್ನು ಗೆಲ್ಲಿಸದಿದ್ದರೆ ಮತ್ತೆ ಯುದ್ಧವಾದೀತೆಂಬ ಭಯದಿಂದ ಮತ ಹಾಕಿದವರು ಕಡಿಮೆಯಿರಲಿಲ್ಲ. ಭಯ ನಿಜವಾಗಲು ಎರಡೇ ವರ್ಷ ಸಾಕಾಯಿತು. 1999ರಲ್ಲಿ ಉತ್ತರದಿಂದ ಲರ್ಡ್ ಎಂಬ ಬಂಡಾಯ ಪಡೆ, 2003ರಲ್ಲಿ ಪೂರ್ವದಿಂದ ಮಾಡೆಲ್ ಎಂಬ ಇನ್ನೊಂದು ಪಡೆ ಎದ್ದವು. ಎರಡು ಯುದ್ಧಗಳಲ್ಲಿ ಸತ್ತವರು ಸುಮಾರು ಎರಡೂವರೆ ಲಕ್ಷ ಮಂದಿ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮೂವತ್ತು ಲಕ್ಷದಷ್ಟು ಜನರ ನಾಡಿಗೆ ಇದು ಹನ್ನೆರಡು ಜನರಿಗೊಂದು ಸಾವಿನಷ್ಟು. ಎಲ್ಲ ಪಡೆಗಳೂ ಮಕ್ಕಳ ಕೈಗೆ ಬಂದೂಕು ಕೊಟ್ಟವು. ಅತ್ಯಾಚಾರ ಯುದ್ಧದ ದಿನಚರಿಯಾಯಿತು.

ಮೊದಲ ಹೆಜ್ಜೆಗಳು

2003ರ ಹೆಂಗಸರು ಏಕಾಏಕಿ ಬೀದಿಗೆ ಬಂದವರಲ್ಲ. ನಿವೃತ್ತ ಶಿಕ್ಷಕಿ ಮೇರಿ ಬ್ರೌನೆಲ್ ಮತ್ತು ಆಕೆಯ ಜೊತೆಗಾರ್ತಿಯರು 1994ರಲ್ಲೇ ಲೈಬೀರಿಯನ್ ವಿಮೆನ್ಸ್ ಇನಿಷಿಯೇಟಿವ್ ಎಂಬ ಸಂಘ ಕಟ್ಟಿ, ಮೊದಲು ಬಂದೂಕು ಇಳಿಸಿ, ಚುನಾವಣೆ ಆಮೇಲೆ ಎಂದು ಹಟ ಹಿಡಿದಿದ್ದರು. ಕರೆಯದಿದ್ದರೂ ಸಂಧಾನ ಸಭೆಗಳಿಗೆ ಹೋಗಿ ಕೂರುತ್ತಿದ್ದರು. 1996ರಲ್ಲಿ ಮಧ್ಯಂತರ ಆಡಳಿತ ಮಂಡಲಿಯ ಅಧ್ಯಕ್ಷತೆ ರೂತ್ ಪೆರ್ರಿ ಎಂಬ ಮಹಿಳೆಗೆ ಬಂತು. 2000ದಲ್ಲಿ ಲೈಬೀರಿಯ, ಗಿನಿ, ಸಿಯೆರಾ ಲಿಯೋನ್ ಮೂರೂ ದೇಶಗಳ ಮಹಿಳೆಯರು ಸೇರಿ ಮಾನೋ ನದಿ ಪ್ರದೇಶದ ಶಾಂತಿ ಜಾಲವನ್ನು ಕಟ್ಟಿದರು. ಇವರಲ್ಲಿ ಹೆಚ್ಚಿನವರು ಓದಿದ, ಅಧಿಕಾರಸ್ಥರ ಪರಿಚಯವಿದ್ದ ಮನೆತನದವರು. ಮಾರುಕಟ್ಟೆಯಲ್ಲಿ ಒಣಮೀನು, ಮರಗೆಣಸು ಮಾರುವ ಹೆಂಗಸರನ್ನು, ನಿರಾಶ್ರಿತರ ಶಿಬಿರದಲ್ಲಿದ್ದವರನ್ನು ಒಳಗೆ ತಂದದ್ದು ಮುಂದಿನ ಪೀಳಿಗೆ.

ಆ ಪೀಳಿಗೆಯ ಲೇಮಾ ಬೋವಿ 1972ರಲ್ಲಿ ಮನ್ರೋವಿಯದಲ್ಲಿ ಹುಟ್ಟಿದಾಕೆ. ಯುದ್ಧ ಶುರುವಾದಾಗ ಈಕೆಗೆ ಹದಿನೇಳು. ಲುಥೆರನ್ ಚರ್ಚಿನ ಮಾನಸಿಕ ಆಘಾತ ಶುಶ್ರೂಷೆಯ ಕಾರ್ಯಕ್ರಮದಲ್ಲಿ ಕೆಲಸಕ್ಕೆ ಸೇರಿ, ಬಂದೂಕು ಹಿಡಿದು ಬಂದಿದ್ದ ಹುಡುಗರ ಜೊತೆ ದಿನಗಟ್ಟಲೆ ಮಾತಾಡಿದಳು. ಆ ಕೆಲಸ ನಡೆಯುತ್ತಿದ್ದ ಸಂತ ಪೀಟರ್ ಚರ್ಚಿನಲ್ಲಿಯೇ 1990ರ ಜುಲೈನಲ್ಲಿ ಡೋನ ಸೈನಿಕರು ಆಶ್ರಯಕ್ಕೆ ಬಂದಿದ್ದ ಸುಮಾರು 600 ಜನರನ್ನು ಕೊಂದಿದ್ದರು. 2001ರಲ್ಲಿ ನೈಜೀರಿಯದ ವಕೀಲೆ ಥೆಲ್ಮಾ ಎಕಿಯೋರ್ ಪಶ್ಚಿಮ ಆಫ್ರಿಕದ ಶಾಂತಿ ಸಂಸ್ಥೆಯೊಂದರ ಅಂಗವಾಗಿ ಮಹಿಳೆಯರ ಜಾಲವನ್ನು (ವಿಪ್ನೆಟ್) ಆರಂಭಿಸಿದಾಗ ಲೈಬೀರಿಯದ ಹೊಣೆ ಬೋವಿಯ ಪಾಲಿಗೆ ಬಂತು. ಅಲ್ಲಿ ನಡೆದ ಒಂದು ಚರ್ಚ್ ಸಭೆಗೆ ಬಂದಿದ್ದ ಅಸಾತು ಬಾ ಕೆನೆತ್ ಎಂಬ ಮುಸ್ಲಿಂ ಪೊಲೀಸ್ ಅಧಿಕಾರಿ, ನಮ್ಮವರನ್ನೂ ಕರೆತರುತ್ತೇನೆಂದು ಎದ್ದುನಿಂತಳು. ಕ್ರೈಸ್ತ ಹೆಂಗಸರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಗುಂಡಿಗೆ ಮತ ಗೊತ್ತೇ ಎಂದು ಕೇಳಿ ಅವರನ್ನು ಒಲಿಸಬೇಕಾಯಿತು.

ಆಮೇಲೆ ಶುರುವಾದದ್ದು ತಿರುಗಾಟ. ಶುಕ್ರವಾರ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚು. ಓದುಬರಹ ಬಾರದವರಿಗೆಂದು ಚಿತ್ರ ಬರೆದ ಕರಪತ್ರಗಳನ್ನು ಹಂಚಿದರು. ಯುದ್ಧದಲ್ಲಿ ತಾನು ಕಂಡದ್ದನ್ನು ಪ್ರತಿಯೊಬ್ಬಳೂ ಬಾಯಿಬಿಟ್ಟು ಹೇಳಿ ಅಳುವ ಸಭೆಗಳೂ ನಡೆದವು. ಚಳವಳಿಯ ಗಟ್ಟಿತನ ಬಂದದ್ದು ಇಲ್ಲಿಂದಲೇ ಎನ್ನಬೇಕು.

ಮೀನು ಮಾರುಕಟ್ಟೆಯ ಧರಣಿ

2003ರ ಏಪ್ರಿಲ್‌ನಲ್ಲಿ ಲರ್ಡ್ ಪಡೆ ರಾಜಧಾನಿಗೆ ಹತ್ತಿರವಾಗುತ್ತಿದ್ದಾಗ ಧರಣಿ ಆರಂಭವಾಯಿತು. ಜಾಗದ ಆಯ್ಕೆಯಲ್ಲಿಯೇ ಜಾಣತನವಿತ್ತು: ಟೇಲರ್ ಮನೆಯಿಂದ ಕಚೇರಿಗೆ ಹೋಗುವ ಹೆದ್ದಾರಿಯ ಪಕ್ಕದ ಬಯಲು ಅದು. ದಿನಾ ಎರಡು ಸಲ ಅವನ ಕಾರು ಇವರ ಮುಂದೆಯೇ ಹಾಯಬೇಕು. ಎಲ್ಲರೂ ಬಿಳಿ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ಒಡವೆ ಅಲಂಕಾರ ಬಿಟ್ಟು ಬರುತ್ತಿದ್ದರು. ಬಡವಿ ಯಾರು, ಸಾಹುಕಾರಳು ಯಾರು, ಯಾವ ಬುಡಕಟ್ಟಿನವಳು ಎಂಬುದು ನೋಡಿದವರಿಗೆ ತಿಳಿಯದಂತಾಯಿತು. ಬಿಸಿಲಿಗೂ ಮಳೆಗೂ ಕದಲಲಿಲ್ಲ. ಬೇಡಿಕೆ ಮೂರೇ: ಕೂಡಲೇ ಕದನವಿರಾಮ, ಮಾತುಕತೆ, ಹೊರಗಿನ ಶಾಂತಿಪಾಲನಾ ಪಡೆ. ಯಾರು ಆಳಬೇಕು, ಯಾರಿಗೆ ಶಿಕ್ಷೆಯಾಗಬೇಕು ಎಂಬ ಮಾತಿಗೆ ಬೇಕೆಂದೇ ಹೋಗಲಿಲ್ಲ. ಎರಡೂ ಕಡೆಯವರು ಇವರನ್ನು ಎದುರಾಳಿಯ ಕೈಗೊಂಬೆ ಎಂದು ತಳ್ಳಿಹಾಕಲಾಗದೆ ಹೋದದ್ದಕ್ಕೆ ಇದೇ ಕಾರಣ.

ಏಪ್ರಿಲ್ 23ರಂದು ಟೇಲರ್ ಭೇಟಿಗೆ ಅವಕಾಶ ಕೊಟ್ಟ. ಸಾವಿರಾರು ಹೆಂಗಸರು ಹೊರಗೆ ಕುಳಿತಿದ್ದರು. ಬೋವಿ ಮನವಿಯನ್ನು ಓದಿದ್ದು ಟೇಲರ್‌ನತ್ತ ಮುಖಮಾಡಿ ಅಲ್ಲ, ಅಲ್ಲಿದ್ದ ಸೆನೆಟ್ ಮುಖ್ಯಸ್ಥೆ ಗ್ರೇಸ್ ಮೈನರ್ ಕಡೆ ತಿರುಗಿ, ಇದನ್ನು ಅಧ್ಯಕ್ಷರಿಗೆ ತಲುಪಿಸಿ ಎಂದು. ಟೇಲರ್ ಮಾತುಕತೆಗೆ ಒಪ್ಪಿದ. ಬಂಡಾಯದ ನಾಯಕರು ಸಿಯೆರಾ ಲಿಯೋನ್‌ನ ಫ್ರೀಟೌನಿನಲ್ಲಿದ್ದಾರೆಂದು ತಿಳಿದು ಅಲ್ಲಿಗೂ ಕೆಲವರು ಹೋಗಿ ಅವರನ್ನೂ ಒಪ್ಪಿಸಿಕೊಂಡು ಬಂದರು.

ಇದೇ ಕಾಲಕ್ಕೆ ಸೇರಿದ್ದು ಹೊರದೇಶಗಳ ಪತ್ರಿಕೆಗಳು ಎಲ್ಲಕ್ಕಿಂತ ಹೆಚ್ಚು ಬರೆದ ಸಂಗತಿ: ಯುದ್ಧ ನಿಲ್ಲುವವರೆಗೆ ಗಂಡಂದಿರ ಜೊತೆ ಮಲಗುವುದಿಲ್ಲವೆಂಬ ಮುಷ್ಕರ. ಅದರಿಂದ ಪ್ರಚಾರ ಸಿಕ್ಕಿತೇ ಹೊರತು ಬೇರೆ ಫಲ ಅಷ್ಟೇನಿರಲಿಲ್ಲವೆಂದು ಬೋವಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾಳೆ. ಆದರೂ ವರ್ಷಗಟ್ಟಲೆ ಆಕೆಯನ್ನು ಕಂಡವರೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ.

ಅಕ್ರಾದ ಬಾಗಿಲು

ಮಾತುಕತೆ ಜೂನ್ 4ರಂದು ಅಕ್ರಾದಲ್ಲಿ ಆರಂಭವಾಯಿತು. ಅದೇ ದಿನ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ ಟೇಲರ್ ಮೇಲಿನ ಯುದ್ಧಾಪರಾಧದ ಆರೋಪಪಟ್ಟಿಯನ್ನು ಬಹಿರಂಗಪಡಿಸಿದ್ದರಿಂದ ಅವನು ಕೂಡಲೇ ಮನ್ರೋವಿಯಕ್ಕೆ ಹಾರಿದ. ಉಳಿದವರ ಸಂಧಾನ ವಾರಗಟ್ಟಲೆ ಎಳೆಯಿತು. ಬಂಡಾಯ ನಾಯಕರು ಒಳ್ಳೆಯ ಹೋಟೆಲುಗಳಲ್ಲಿ ಉಳಿದು ಯಾವ ಖಾತೆ ಯಾರಿಗೆಂದು ಚೌಕಾಸಿ ಮಾಡುತ್ತಿದ್ದರೆ, ಇತ್ತ ಜುಲೈನಲ್ಲಿ ರಾಜಧಾನಿಯ ಮೇಲೆ ಶೆಲ್ಲುಗಳು ಬೀಳುತ್ತಿದ್ದವು. ಮಾನೋ ನದಿ ಜಾಲದ ಪ್ರತಿನಿಧಿಗಳು ಸಭೆಯ ಒಳಗಿದ್ದರು. ವಿಪ್ನೆಟ್ ಹೆಂಗಸರಿಗೆ ಒಳಗೆ ಜಾಗವಿರಲಿಲ್ಲ. ಘಾನಾದ ನಿರಾಶ್ರಿತರ ಶಿಬಿರದಲ್ಲಿದ್ದ ಲೈಬೀರಿಯದ ಹೆಂಗಸರನ್ನು ಸೇರಿಸಿಕೊಂಡು ಅವರು ಹೊರಗೆ ಕುಳಿತರು.

ಜುಲೈನ ಒಂದು ದಿನ ಸುಮಾರು ಇನ್ನೂರು ಮಂದಿ ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕೈಗೆ ಕೈ ಹೆಣೆದು ಕೂತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಸಂಧಾನಕಾರ, ನೈಜೀರಿಯದ ಮಾಜಿ ಅಧ್ಯಕ್ಷ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್, ಜನರಲ್ ಲೇಮಾ ಮತ್ತು ಆಕೆಯ ಪಡೆ ಸಭಾಂಗಣವನ್ನು ವಶಪಡಿಸಿಕೊಂಡಿದೆ ಎಂದು ಧ್ವನಿವರ್ಧಕದಲ್ಲಿ ಘೋಷಿಸಿದ. ಕಾವಲುಗಾರರು ಬಂಧಿಸಲು ಬಂದಾಗ ಬೋವಿ ಬಟ್ಟೆ ಬಿಚ್ಚತೊಡಗಿದಳು. ತಾಯಿ ವಯಸ್ಸಿನ ಹೆಣ್ಣು ನೋವಿನಿಂದ ತಾನಾಗಿ ಬೆತ್ತಲಾದರೆ ನೋಡಿದ ಗಂಡಸಿಗೆ ಘೋರ ಶಾಪ ತಟ್ಟುತ್ತದೆಂಬ ನಂಬಿಕೆ ಪಶ್ಚಿಮ ಆಫ್ರಿಕದಲ್ಲಿ ಹಳೆಯದು. ಕಾವಲುಗಾರರು ಹಿಂದೆ ಸರಿದರು. ಹೆಂಗಸರನ್ನು ಒದ್ದು ದಾಟಲು ನೋಡಿದ ಒಬ್ಬ ಬಂಡಾಯ ನಾಯಕನನ್ನು ಅಬೂಬಕರ್ ಗದರಿಸಿ ಕೂರಿಸಿದ. ಸಭೆಗೆ ತಪ್ಪದೆ ಬರಬೇಕು, ಹೆಂಗಸರ ಮುಂದೆ ಹಾಯುವಾಗ ಬೈಯಕೂಡದು ಎಂಬ ಷರತ್ತುಗಳ ಮೇಲೆ ಧರಣಿ ಎದ್ದಿತು. ಅಂದಿನಿಂದ ಮಾತುಕತೆಯ ಧಾಟಿ ಬದಲಾಯಿತೆಂದು ಅಲ್ಲಿದ್ದವರು ಹೇಳಿದ್ದಾರೆ. ಆಗಸ್ಟ್ 11ರಂದು ಟೇಲರ್ ರಾಜೀನಾಮೆ ಕೊಟ್ಟು ನೈಜೀರಿಯಕ್ಕೆ ಹೋದ. ಇದಕ್ಕೆ ಶೆಲ್ ದಾಳಿ, ಅಮೆರಿಕದ ಒತ್ತಡ, ನೈಜೀರಿಯದ ಸೇನೆ ಎಲ್ಲವೂ ಕಾರಣ. ಧರಣಿಯೊಂದೇ ಯುದ್ಧವನ್ನು ನಿಲ್ಲಿಸಿತು ಎನ್ನುವುದು ಉತ್ಪ್ರೇಕ್ಷೆಯೇ ಸರಿ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಅಂಗೀಕರಿಸಿದ 1325ನೇ ನಿರ್ಣಯ, ಶಾಂತಿ ಮಾತುಕತೆಯ ಎಲ್ಲ ಹಂತಗಳಲ್ಲೂ ಮಹಿಳೆಯರಿರಬೇಕೆಂದು ಹೇಳಿ ಆಗಲೇ ಮೂರು ವರ್ಷ ಸಮೀಪಿಸಿತ್ತು. 1992ರಿಂದ 2011ರವರೆಗಿನ 31 ಮುಖ್ಯ ಶಾಂತಿ ಪ್ರಕ್ರಿಯೆಗಳನ್ನು ವಿಶ್ವಸಂಸ್ಥೆಯ ಮಹಿಳಾ ಘಟಕ ಪರಿಶೀಲಿಸಿದಾಗ ಸಹಿ ಹಾಕಿದವರಲ್ಲಿ ಹೆಂಗಸರು ಶೇ. 4, ಸಂಧಾನಕ್ಕೆ ಕೂತವರಲ್ಲಿ ಶೇ. 9. ಬಾಗಿಲ ಹೊರಗೆ ಕೂತವರ ಲೆಕ್ಕ ಇಂಥ ಪಟ್ಟಿಗಳಲ್ಲಿ ಬರುವುದಿಲ್ಲ.

ಒಪ್ಪಂದದ ನಂತರ

ಸಹಿಯಾದ ಮೇಲೂ ಹೆಂಗಸರು ಬಯಲನ್ನು ಬಿಡಲಿಲ್ಲ. ಒಪ್ಪಂದದ ಪ್ರತಿ ತಂದು ಅದರ ಅಂಶಗಳನ್ನು ಸರಳ ಮಾತಿನಲ್ಲಿ ವಿವರಿಸಿಕೊಂಡರು, ಯಾವುದು ಜಾರಿಯಾಯಿತು ಎಂದು ಲೆಕ್ಕವಿಟ್ಟರು. 2003ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ತರಾತುರಿಯಲ್ಲಿ ಶಸ್ತ್ರ ಒಪ್ಪಿಸಿಕೊಳ್ಳಲು ಹೊರಟು ಮನ್ರೋವಿಯದ ಹೊರವಲಯದ ಶಿಬಿರದಲ್ಲಿ ಗಲಭೆಯೆದ್ದಾಗ, ಕುಡಿದು ಕೂಗಾಡುತ್ತಿದ್ದ ಹುಡುಗರನ್ನು ಸಮಾಧಾನಪಡಿಸಿದವರು ಬಿಳಿ ಅಂಗಿಯವರು. ಕಾರ್ಯಕ್ರಮವನ್ನು ಮತ್ತೆ ಆರಂಭಿಸಿದಾಗ 1 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಅವರಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ಹೆಂಗಸರು. ಹೋರಾಟಗಾರ್ತಿಯರಷ್ಟೇ ಅಲ್ಲ, ಪಡೆಗಳು ಹೊತ್ತೊಯ್ದು ಅಡುಗೆಗೆ, ಹೊರೆಗೆ, ಹಾಸಿಗೆಗೆ ಇಟ್ಟುಕೊಂಡಿದ್ದವರೂ ಇದರಲ್ಲಿದ್ದರು.

2005ರ ಚುನಾವಣೆಗೆ ಮತದಾರರ ಪಟ್ಟಿ ತಯಾರಾಗುವಾಗ ಹೆಂಗಸರು ಬರುತ್ತಿಲ್ಲವೆಂದು ತಿಳಿದು ಕಾರ್ಯಕರ್ತೆಯರು ಮಾರುಕಟ್ಟೆಗೆ ಹೋದರು. ಅಂಗಡಿ ಬಿಟ್ಟು ಬಂದರೆ ಅಂದಿನ ಗಂಜಿಗೆ ಕಲ್ಲು ಎಂದವರಿಗೆ, ಅಂಗಡಿಯನ್ನೂ ಮಗುವನ್ನೂ ನಾವು ನೋಡಿಕೊಳ್ಳುತ್ತೇವೆ, ನೀನು ಹೋಗಿ ಹೆಸರು ಬರೆಸಿ ಬಾ ಎಂದರು. ಇಡೀ ಚಳವಳಿಯಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಕೆಲಸ ಇನ್ನೊಂದಿಲ್ಲ. ನವೆಂಬರ್‌ನ ಎರಡನೇ ಸುತ್ತಿನಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಶೇ. 59ರಷ್ಟು ಮತ ಪಡೆದು ಫುಟ್‌ಬಾಲ್ ತಾರೆ ಜಾರ್ಜ್ ವಿಯಾನನ್ನು ಸೋಲಿಸಿ, ಆಫ್ರಿಕದಲ್ಲಿ ಚುನಾವಣೆಯಿಂದ ಅಧ್ಯಕ್ಷೆಯಾದ ಮೊದಲ ಮಹಿಳೆಯಾದಳು. ಅತ್ಯಾಚಾರಕ್ಕೆ ಕಠಿಣ ಶಿಕ್ಷೆ ವಿಧಿಸುವ ಕಾನೂನು 2006ರಲ್ಲಿ ಜಾರಿಗೆ ಬಂತು, 1325ನೇ ನಿರ್ಣಯದ ರಾಷ್ಟ್ರೀಯ ಕ್ರಿಯಾಯೋಜನೆ 2009ರಲ್ಲಿ. ಹಳ್ಳಿಗಳಲ್ಲಿ ಊರ ಹಿರಿಯ ಗಂಡಸರು ಕೂತು ವ್ಯಾಜ್ಯ ತೀರಿಸುವ ಪಲಾವರ್ ಗುಡಿಸಲಿನ ಮಾದರಿಯಲ್ಲಿಯೇ ಹೆಂಗಸರು ಶಾಂತಿ ಗುಡಿಸಲುಗಳನ್ನು ಕಟ್ಟಿ ಜಮೀನು ಜಗಳ, ಗಂಡನ ಹೊಡೆತ, ಸಾಲದ ತಕರಾರುಗಳಿಗೆ ಪಂಚಾಯಿತಿ ಮಾಡತೊಡಗಿದರು.

ಭಾರತಕ್ಕೆ ಇಲ್ಲೊಂದು ನೇರ ನಂಟಿದೆ. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಮಹಿಳೆಯರೇ ಇದ್ದ ಮೊದಲ ಪೊಲೀಸ್ ತುಕಡಿ 2007ರ ಜನವರಿಯಲ್ಲಿ ಮನ್ರೋವಿಯಕ್ಕೆ ಹೋದದ್ದು ಭಾರತದ ಕೇಂದ್ರ ಮೀಸಲು ಪೊಲೀಸ್ ಪಡೆಯಿಂದ. ನೂರಕ್ಕೂ ಹೆಚ್ಚು ಮಂದಿಯ ಈ ತುಕಡಿ ಸರದಿಯಂತೆ ಬದಲಾಗುತ್ತ 2016ರ ಫೆಬ್ರವರಿವರೆಗೆ ಅಧ್ಯಕ್ಷೆಯ ಕಚೇರಿಯ ಕಾವಲು, ರಾತ್ರಿ ಗಸ್ತು ನಡೆಸಿತು. ಇವರನ್ನು ನೋಡಿ ಲೈಬೀರಿಯದ ಯುವತಿಯರು ಪೊಲೀಸ್ ಕೆಲಸಕ್ಕೆ ಮುಂದೆ ಬಂದರೆಂದು ಸರ್ಲೀಫ್ ಮೆಚ್ಚಿದ್ದಳು.

ಮಿತಿಗಳು

2011ರ ನೊಬೆಲ್ ಪುರಸ್ಕಾರವನ್ನು ಸರ್ಲೀಫ್, ಬೋವಿ ಮತ್ತು ಯೆಮೆನ್‌ನ ತವಕ್ಕುಲ್ ಕರ್ಮಾನ್ ಹಂಚಿಕೊಂಡರು. ಮರುವರ್ಷವೇ ಬೋವಿ, ಸರ್ಲೀಫ್ ತನ್ನ ಮಕ್ಕಳನ್ನು ಆಯಕಟ್ಟಿನ ಹುದ್ದೆಗಳಲ್ಲಿ ಕೂರಿಸಿದ್ದನ್ನು ಟೀಕಿಸಿ ಸರ್ಕಾರದ ಸಾಮರಸ್ಯ ಕಾರ್ಯದ ಅಧ್ಯಕ್ಷತೆಯನ್ನು ಬಿಟ್ಟಳು. ಟೇಲರ್‌ಗೆ ಆರಂಭದಲ್ಲಿ ಬೆಂಬಲ ಕೊಟ್ಟ ಕಾರಣಕ್ಕೆ ಸತ್ಯ ಮತ್ತು ಸಾಮರಸ್ಯ ಆಯೋಗ 2009ರಲ್ಲಿ ಸರ್ಲೀಫ್‌ಳನ್ನೂ ಸಾರ್ವಜನಿಕ ಹುದ್ದೆಗಳಿಂದ 30 ವರ್ಷ ದೂರವಿಡಬೇಕೆಂದಿತ್ತು. ಅದು ಜಾರಿಗೆ ಬರಲಿಲ್ಲ. ಹನ್ನೆರಡು ವರ್ಷ ಮಹಿಳೆ ಆಳಿದ ದೇಶದ ಶಾಸನಸಭೆಯಲ್ಲಿ ಹೆಂಗಸರ ಪಾಲು ಶೇ. 10ರ ಆಸುಪಾಸಿನಲ್ಲೇ ನಿಂತಿತು. 2018ರಲ್ಲಿ ಉಪಾಧ್ಯಕ್ಷ ಪದವಿಗೆ ಮಹಿಳೆ ಬಂದದ್ದು ನಿಜ. ಆಕೆ ಜ್ಯೂವೆಲ್ ಹೋವರ್ಡ್ ಟೇಲರ್, ಚಾರ್ಲ್ಸ್ ಟೇಲರ್‌ನ ಮಾಜಿ ಹೆಂಡತಿ.

ನ್ಯಾಯದ ಪ್ರಶ್ನೆಯನ್ನು ಆಚೆಗಿಟ್ಟದ್ದು 2003ರಲ್ಲಿ ಚಳವಳಿಯ ಬಲವಾಗಿತ್ತು. ಅದರ ಬೆಲೆ ಆಮೇಲೆ ಕಾಣಿಸಿತು. ಟೇಲರ್‌ಗೆ 2012ರಲ್ಲಿ 50 ವರ್ಷ ಸೆರೆವಾಸವಾದದ್ದು ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ, ಲೈಬೀರಿಯದವುಗಳಿಗಲ್ಲ. ಅಲ್ಲಿನ ಯುದ್ಧಾಪರಾಧಗಳ ವಿಚಾರಣೆಗೆ ನ್ಯಾಯಾಲಯ ಸ್ಥಾಪಿಸುವ ಸಿದ್ಧತೆಗೆ ಕಚೇರಿ ತೆರೆಯುವ ಆದೇಶಕ್ಕೆ ಅಧ್ಯಕ್ಷ ಜೋಸೆಫ್ ಬೊಕಾಯ್ ಸಹಿ ಹಾಕಿದ್ದು 2024ರ ಮೇ ತಿಂಗಳಲ್ಲಿ. ಡೋನಿಗೆ ಚಿತ್ರಹಿಂಸೆ ಕೊಡುವಾಗ ಎದುರಿಗೆ ಕೂತು ಬಿಯರ್ ಕುಡಿಯುತ್ತಿದ್ದುದು ವಿಡಿಯೊದಲ್ಲೇ ದಾಖಲಾಗಿರುವ ಪ್ರಿನ್ಸ್ ಜಾನ್ಸನ್, 2005ರ ಅದೇ ಚುನಾವಣೆಯಲ್ಲಿ ನಿಂಬಾದಿಂದ ಸೆನೆಟರ್ ಆಗಿ ಗೆದ್ದು, 2024ರ ನವೆಂಬರ್‌ನಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದ.