ವೇಗದ ಕಾರಿನ ಚಿತ್ರ ಹುಟ್ಟುವುದು ನಿಧಾನದಲ್ಲಿ: ಸಾನಮಾವು ರಸ್ತೆ ಮತ್ತು ಕಾರು ಛಾಯಾಗ್ರಹಣ

ಕಾರು ಪತ್ರಿಕೆಯೊಂದರ ನಡುಪುಟ ಬಿಡಿಸಿದರೆ ಕೆಂಪು ಬಣ್ಣದ ಸೆಡಾನ್. ಚಕ್ರದ ಕಡ್ಡಿಗಳು ಕಾಣದಷ್ಟು ಜೋರಾಗಿ ತಿರುಗುತ್ತಿವೆ. ರಸ್ತೆ ಗೆರೆಗೆರೆಯಾಗಿ ಹಿಂದಕ್ಕೆ ಹರಿಯುತ್ತಿದೆ, ಪಕ್ಕದ ಮರಗಳು ಹಸಿರು ಬಣ್ಣ ಕಲಸಿದಂತಿವೆ. ನೋಡಿದವರು ಕಾರು ಗಂಟೆಗೆ 150 ಕಿ.ಮೀ. ವೇಗದಲ್ಲಿತ್ತು ಎಂದೇ ನಂಬುತ್ತಾರೆ. ಆದರೆ ಇಂಥ ಬಹುತೇಕ ಚಿತ್ರ ತೆಗೆಯುವಾಗ ಕಾರಿನ ವೇಗ ಹೊಲಕ್ಕೆ ಹೋಗುವ ಟಿವಿಎಸ್ ಮೊಪೆಡ್‌ನ ವೇಗಕ್ಕಿಂತ ಹೆಚ್ಚಿರುವುದಿಲ್ಲ. ಕೆಲವು ಚಿತ್ರಗಳಲ್ಲಂತೂ ಎಂಜಿನ್ನೇ ಆಫ್ ಆಗಿರುತ್ತದೆ, ಇಬ್ಬರು ಹಿಂದಿನಿಂದ ಕಾರನ್ನು ತಳ್ಳುತ್ತಿರುತ್ತಾರೆ.

ಮಾರ್ಪಡಿಸಿದ ಕಾರುಗಳ ಚಿತ್ರಗಳನ್ನು ಪತ್ರಿಕೆಗಳಿಗಾಗಿ ಹೇಗೆ ತೆಗೆಯುತ್ತಾರೆ, ಹೊಸೂರು ಬಳಿಯ ಸಾನಮಾವಿನಂಥ ಕಾಡಂಚಿನ ರಸ್ತೆಯಲ್ಲಿ ಈ ಕೆಲಸ ಮಾಡುವುದಾದರೆ ಯಾವ ವಿಷಯ ತಿಳಿದಿರಬೇಕು ಎಂಬುದರ ವಿವರ ಇಲ್ಲಿದೆ.

ಯಾವ ಕಾರು, ಯಾವ ಪತ್ರಿಕೆ?

ಭಾರತದಲ್ಲಿ ಕಾರು ಪತ್ರಿಕೆಗಳ ಹೊಸ ಅಲೆ ಎದ್ದದ್ದು 1990ರ ದಶಕದ ಕೊನೆಯಲ್ಲಿ. ‘ಓವರ್‌ಡ್ರೈವ್’ 1998ರಲ್ಲಿ, ‘ಆಟೋಕಾರ್ ಇಂಡಿಯಾ’ 1999ರಲ್ಲಿ ಆರಂಭವಾದವು. ಅದೇ ಹೊತ್ತಿಗೆ ಹೊಸ ಸೆಡಾನ್‌ಗಳೂ ಬಂದವು. ಮಿತ್ಸುಬಿಷಿ ಲ್ಯಾನ್ಸರ್ 1998ರಲ್ಲಿ ಚೆನ್ನೈ ಬಳಿಯ ತಿರುವಳ್ಳೂರಿನ ಕಾರ್ಖಾನೆಯಿಂದ ಹೊರಬಂತು. ಮರುವರ್ಷ ಮರೈಮಲೈ ನಗರದಿಂದ ಫೋರ್ಡ್ ಐಕಾನ್ ಬಂತು. 2004ರಲ್ಲಿ 150 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮಾರುಕಟ್ಟೆಗೆ ಇಳಿಯಿತು.

ಕಂಪನಿ ಕೊಟ್ಟ ಕಾರಿನಲ್ಲೇ ತೃಪ್ತರಾಗದ ಮಾಲೀಕರು ಬೆಂಗಳೂರು, ಚೆನ್ನೈ, ಕೊಯಮತ್ತೂರುಗಳಲ್ಲಿ ಇವುಗಳ ಎಂಜಿನ್, ಚಕ್ರ, ಸಸ್ಪೆನ್ಷನ್ ಬದಲಿಸತೊಡಗಿದರು. ಅಂಥ ಕಾರುಗಳ ಬಗ್ಗೆ ಪತ್ರಿಕೆಗಳು ಹಲವು ಪುಟಗಳ ಸಚಿತ್ರ ಲೇಖನ ಪ್ರಕಟಿಸತೊಡಗಿದವು. ಆ ಲೇಖನದ ಅರ್ಧ ಕೆಲಸ ಛಾಯಾಗ್ರಾಹಕನದು.

ಏನನ್ನು ತೋರಿಸಬೇಕು?

ಸಾಮಾನ್ಯ ಕಾರಿನ ಚಿತ್ರಕ್ಕೂ ಮಾರ್ಪಡಿಸಿದ ಕಾರಿನ ಚಿತ್ರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಓದುಗ ಹುಡುಕುವುದು ಬದಲಾವಣೆಯನ್ನು. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ್ದರೆ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಕಿರಿದಾಗಿರುತ್ತದೆ. ಅದು ಕಾಣಬೇಕಾದರೆ ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ ಪಕ್ಕದಿಂದ ಚಿತ್ರ ತೆಗೆಯಬೇಕು.

ಚಕ್ರಗಳದ್ದು ಇನ್ನೊಂದು ಲೆಕ್ಕ. 185/60 ಆರ್14 ಅಳತೆಯ ಟೈರಿನ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರ್. ಅದರ ಬದಲು 195/50 ಆರ್15 ಹಾಕಿದರೆ ವ್ಯಾಸ 576 ಮಿಲಿಮೀಟರ್. ಚಕ್ರದ ರಿಮ್ ಒಂದು ಇಂಚು ದೊಡ್ಡದಾದರೂ ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಬದಲಾದದ್ದು ಟೈರಿನ ಪಕ್ಕದ ಗೋಡೆ ಮಾತ್ರ, ಅದು ತೆಳುವಾಗಿರುತ್ತದೆ. ಓದುಗ ಚಿತ್ರದಲ್ಲಿ ಗುರುತಿಸುವುದು ಇದನ್ನೇ.

ಒಂದು ಲೇಖನಕ್ಕೆ ಸಾಮಾನ್ಯವಾಗಿ ಬೇಕಾಗುವ ಚಿತ್ರಗಳೆಂದರೆ ಮುಂದಿನ ಮೂಲೆಯಿಂದ ಒಂದು, ಹಿಂದಿನ ಮೂಲೆಯಿಂದ ಒಂದು, ಪಕ್ಕದ ನೋಟ, ಬಾನೆಟ್ ಒಳಗಿನ ಎಂಜಿನ್, ಡ್ಯಾಶ್‌ಬೋರ್ಡ್ ಮತ್ತು ಸೀಟು, ಚಕ್ರ ಹಾಗೂ ಬ್ರೇಕಿನ ಹತ್ತಿರದ ನೋಟ, ಕೊನೆಗೆ ಓಡುತ್ತಿರುವ ಕಾರಿನ ಒಂದೆರಡು ಚಿತ್ರ.

ನಿಂತ ಕಾರಿನ ಚಿತ್ರ

ಕಾರಿನ ಮೈ ಕನ್ನಡಿ ಇದ್ದಂತೆ. ಸುತ್ತಲಿನ ಮರ, ಕಂಬ, ಕೆಂಪು ಶರ್ಟು ಹಾಕಿ ನಿಂತ ಹುಡುಗ, ಎಲ್ಲವೂ ಅದರಲ್ಲಿ ಕಾಣುತ್ತವೆ. ಕಪ್ಪು ಕಾರಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಛಾಯಾಗ್ರಾಹಕ ಮೊದಲು ನೋಡುವುದು ಕಾರನ್ನಲ್ಲ, ಕಾರಿನ ಎದುರಿಗೆ ಏನಿದೆ ಎಂಬುದನ್ನು. ಬಯಲು, ಕೆರೆ ಅಂಗಳ, ಖಾಲಿ ಹೊಲ ಎದುರಿಗಿದ್ದರೆ ಕಾರಿನ ಪಕ್ಕ ನುಣುಪಾಗಿ ಕಾಣುತ್ತದೆ.

ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ ತಿರುಗಿಸಿದರೆ ಗಾಜಿನ ಮೇಲಿನ ಪ್ರತಿಬಿಂಬ ಬಹಳಷ್ಟು ಕಡಿಮೆಯಾಗಿ ಒಳಗಿನ ಸೀಟು ಕಾಣುತ್ತದೆ. ಹತ್ತಿರದಿಂದ ಅಗಲ ನೋಟದ ಲೆನ್ಸ್ ಬಳಸಿದರೆ ಬಂಪರ್ ಉಬ್ಬಿ ಕಾರು ಕಪ್ಪೆಯಂತೆ ಕಾಣುತ್ತದೆ. ಅದಕ್ಕಾಗಿ 70ರಿಂದ 200 ಮಿ.ಮೀ. ಲೆನ್ಸ್ ಹಿಡಿದು ದೂರ ನಿಲ್ಲುವುದು ರೂಢಿ. ಮುಂದಿನ ಚಕ್ರವನ್ನು ಅದರ ಮುಖ ಕ್ಯಾಮೆರಾಕ್ಕೆ ಕಾಣುವಂತೆ ತಿರುಗಿಸುತ್ತಾರೆ. ಕಾರಿನ ಚಾವಣಿಯಿಂದಲೇ ವಿದ್ಯುತ್ ಕಂಬ ಎದ್ದಂತೆ ಕಾಣದಿರಲು ಎರಡು ಹೆಜ್ಜೆ ಆಚೀಚೆ ಸರಿಯುತ್ತಾರೆ.

ಇಷ್ಟೆಲ್ಲ ಮಾಡಿದರೂ ಬೆಳಕು ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಹೊಸೂರು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಕಾರಿನ ಚಾವಣಿ ಬೆಳ್ಳಗೆ ಉರಿದು, ಪಕ್ಕ ಮತ್ತು ಚಕ್ರಗಳು ಕಪ್ಪಾಗುತ್ತವೆ. ಆದ್ದರಿಂದ ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತದ ಮುಂಚಿನ ಒಂದು ಗಂಟೆ, ಇವೆರಡೇ ಈ ಕೆಲಸಕ್ಕೆ ಒಳ್ಳೆಯ ಸಮಯ. ಈ ಮಾತು ಮುಂದೆ ಮತ್ತೆ ಬರಲಿದೆ.

ಓಡುವ ಕಾರಿನ ಗುಟ್ಟು

ಚಿತ್ರದಲ್ಲಿ ವೇಗ ಕಾಣುವುದು ಕಾರಿನ ವೇಗದಿಂದಲ್ಲ, ಕ್ಯಾಮೆರಾದ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರಿಂದ. ಗಂಟೆಗೆ 40 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಶಟರ್ ಸೆಕೆಂಡಿನ 1000ದಲ್ಲಿ ಒಂದು ಭಾಗ ಮಾತ್ರ ತೆರೆದರೆ ಅಷ್ಟರಲ್ಲಿ ಕಾರು ಚಲಿಸುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಚಕ್ರ ತಿರುಗಿದ್ದೇ ಕಾಣದೆ ಕಾರು ನಿಂತಂತೆ ಕಾಣುತ್ತದೆ. ಅದೇ ವೇಗದಲ್ಲಿ ಶಟರ್ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದರೆ ಕಾರು ಹದಿನೆಂಟು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಚಕ್ರ ಒಂದು ಸುತ್ತಿನ ಹತ್ತನೇ ಒಂದು ಭಾಗ ತಿರುಗಿರುತ್ತದೆ. ಕಡ್ಡಿಗಳು ಕಲಸಿಹೋಗಲು ಅಷ್ಟು ಸಾಕು.

ಈ ಹೊತ್ತಿನಲ್ಲಿ ಛಾಯಾಗ್ರಾಹಕ ರಸ್ತೆಯಿಂದ ದೂರ ನಿಂತು, ಸೊಂಟ ತಿರುಗಿಸುತ್ತ ಕ್ಯಾಮೆರಾವನ್ನು ಕಾರಿನ ಜೊತೆಗೇ ಒಯ್ಯುತ್ತಾನೆ. ಕಾರು ಸ್ಪಷ್ಟವಾಗಿ, ಹಿನ್ನೆಲೆ ಗೆರೆಗಳಾಗಿ ಮೂಡುತ್ತವೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಹತ್ತಿಪ್ಪತ್ತು ಸಲ ತೆಗೆದರೆ ಒಂದೋ ಎರಡೋ ಸರಿಯಾಗಿ ಬರುತ್ತವೆ.

ಎರಡನೆಯ ವಿಧಾನದಲ್ಲಿ ಮುಂದೆ ಇನ್ನೊಂದು ಕಾರು ಅದೇ ವೇಗದಲ್ಲಿ ಹೋಗುತ್ತದೆ, ಛಾಯಾಗ್ರಾಹಕ ಅದರೊಳಗಿಂದ ಹಿಂದಿನ ಕಾರಿನ ಚಿತ್ರ ತೆಗೆಯುತ್ತಾನೆ. ಡಿಕ್ಕಿ ತೆರೆದು ಕಾಲು ಇಳಿಬಿಟ್ಟು ಕೂರುವುದನ್ನು ಕೆಲವರು ಸಾಹಸವೆಂದು ತಿಳಿದಿದ್ದಾರೆ. ವಾಹನದ ಒಳಭಾಗ ಬಿಟ್ಟು ಬೇರೆಡೆ ಜನರನ್ನು ಕೂರಿಸಿ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 123ನೇ ಕಲಂ ನಿಷೇಧಿಸುತ್ತದೆ. ಮುಚ್ಚಿದ ಟ್ರ್ಯಾಕಿನಲ್ಲಿ ಬೆಲ್ಟ್ ಕಟ್ಟಿಕೊಂಡು ಮಾಡುವ ಕೆಲಸವನ್ನು ಊರ ರಸ್ತೆಯಲ್ಲಿ ಮಾಡುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಕಾರಿನ ಮೈಗೆ ಗಾಳಿ ಹೀರಿ ಅಂಟುವ ರಬ್ಬರ್ ಬಟ್ಟಲುಗಳ ಮೂಲಕ ಉದ್ದನೆಯ ಕೊಳವೆ ಜೋಡಿಸಿ, ಅದರ ತುದಿಗೆ ಕ್ಯಾಮೆರಾ ಕಟ್ಟುತ್ತಾರೆ. ಕಾರನ್ನು ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ ಕೈಯಿಂದ ತಳ್ಳುತ್ತ ಶಟರನ್ನು ಎರಡು ಸೆಕೆಂಡ್ ತೆರೆದಿಡುತ್ತಾರೆ. ಅಷ್ಟರಲ್ಲಿ ಕಾರು ಒಂದೂಮುಕ್ಕಾಲು ಮೀಟರಿನಷ್ಟು ಸಾಗುತ್ತದೆ, ಚಕ್ರ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಕೊಳವೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ನಡುಪುಟದಲ್ಲಿ ಬಾಣದಂತೆ ಕಾಣುವ ಕಾರು ಹಲವು ಸಲ ಹೀಗೆ ತಳ್ಳಿಸಿಕೊಂಡ ಕಾರು!

ಸಾನಮಾವು: ಬೆಳಕಿನ ಹೊತ್ತೇ ಆನೆಯ ಹೊತ್ತು

ಸಾನಮಾವು ಹೊಸೂರು–ರಾಯಕೋಟೆ ರಸ್ತೆಯ ಬದಿಯ ಮೀಸಲು ಅರಣ್ಯ. ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ಹೊಸೂರಿಗೆ ಸುಮಾರು 40 ಕಿ.ಮೀ. ದಾರಿ. ಅಲ್ಲಿಂದ ಮುಂದೆ ಕಾಡು, ಬಂಡೆ, ರಾಗಿ ಹೊಲ, ಗುಲಾಬಿ ತೋಟ ಎಲ್ಲವೂ ಒಂದೇ ಕಡೆ ಸಿಗುತ್ತವೆ. ನಗರದಿಂದ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಮರಳಬಹುದು. ಕ್ಯಾಮೆರಾ ಹಿಡಿದವರಿಗೆ ಇಷ್ಟು ಸಾಕು.

ಆದರೆ ಈ ಕಾಡಿಗೆ ಬೇರೆ ಅತಿಥಿಗಳೂ ಇದ್ದಾರೆ. ರಾಗಿ ಕಾಳುಗಟ್ಟುವ ಹೊತ್ತಿಗೆ ಬನ್ನೇರುಘಟ್ಟ, ಜವಳಗಿರಿ ಕಡೆಯ ಕಾಡುಗಳಿಂದ ಆನೆ ಹಿಂಡುಗಳು ಇತ್ತ ಬಂದು ಸಾನಮಾವಿನಲ್ಲಿ ಬೀಡುಬಿಡುವುದು ಈ ಭಾಗದವರಿಗೆ ಹೊಸದಲ್ಲ. ಹಗಲು ಕಾಡಿನಲ್ಲಿ ಉಳಿದು, ಸಂಜೆಯಾದ ಮೇಲೆ ಹೊಲಕ್ಕಿಳಿದು, ಬೆಳಗಿನ ಜಾವ ಮರಳುವುದು ಅವುಗಳ ಕ್ರಮ. ಪೇರಂಡಪಳ್ಳಿ ಬಳಿ ಹೆದ್ದಾರಿಯನ್ನೇ ದಾಟಿದ್ದುಂಟು. ಆ ದಿನಗಳಲ್ಲಿ ಕತ್ತಲಲ್ಲಿ ಹೊಲಕ್ಕೆ ಹೋಗಬೇಡಿ, ದನ ಮೇಯಿಸಲು ಕಾಡಿಗೆ ಹೋಗಬೇಡಿ ಎಂದು ಅರಣ್ಯ ಇಲಾಖೆ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತದೆ.

ಅಂದರೆ ಡಿಸೆಂಬರಿನಲ್ಲಿ ಬೆಳಗ್ಗೆ ಆರೂವರೆಯ ಸುಮಾರಿಗೆ ಸೂರ್ಯ ಮೂಡಿ ಬೆಳಕು ಹೊನ್ನಾಗುವ ಹೊತ್ತೂ, ಆನೆ ಹೊಲದಿಂದ ಕಾಡಿಗೆ ಮರಳುವ ಹೊತ್ತೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಬೆಳಕು ತಪ್ಪಬಾರದೆಂದು ಕತ್ತಲಲ್ಲೇ ಬಂದು ಕಾಯುವವರು ನಿಲ್ಲುವುದು ಆನೆಯ ದಾರಿಯಲ್ಲಿ. ಸೈಲೆನ್ಸರಿನ ಅಬ್ಬರ, ಫ್ಲಾಶ್ ಬೆಳಕು, ಹಾರನ್, ಡ್ರೋನಿನ ಸದ್ದು ಹಿಂಡನ್ನು ಬೆದರಿಸಿದರೆ ಅದು ಬಂದ ದಾರಿ ಬಿಟ್ಟು ಬೇರೆ ಕಡೆ ನುಗ್ಗುತ್ತದೆ. ಆಗ ಎದುರಿಗೆ ಸಿಗುವುದು ಛಾಯಾಗ್ರಾಹಕನಲ್ಲ. ಹೂವು ಕೊಯ್ಯಲು ಹೋದ ಹೆಂಗಸರು, ಟೊಮೇಟೊ ಹೇರಿಕೊಂಡು ರಾಯಕೋಟೆ ಮಂಡಿಗೆ ಹೊರಟವರು. ಚಿತ್ರ ತೆಗೆದವರು ಅಷ್ಟರಲ್ಲಿ ಅತ್ತಿಬೆಲೆ ದಾಟಿರುತ್ತಾರೆ.

ರಸ್ತೆಯ ಮೇಲೆ ಒಕ್ಕಣೆ ಹರಡುವ ಕಾಲವೂ ಇದೇ. ತಗ್ಗಿಸಿದ ಕಾರಿನ ಹೊಟ್ಟೆಗೆ ರಾಗಿ ಹುಲ್ಲು, ಹುರುಳಿ ಸೊಪ್ಪು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುವ ಅಪಾಯವಿದೆ. ರಸ್ತೆಯಲ್ಲಿ ಒಕ್ಕಣೆ ಮಾಡುವುದೂ ಸರಿಯಲ್ಲ, ಅದರ ಮೇಲೆ ಇಂಥ ಕಾರು ಹಾಯಿಸುವುದೂ ಸರಿಯಲ್ಲ.

ಕಾನೂನು ಏನು ಹೇಳುತ್ತದೆ?

ಡಾಂಬರು ರಸ್ತೆಯಲ್ಲಿ ಹೋಗಿಬರಲು ಯಾರಿಗೂ ಅಡ್ಡಿಯಿಲ್ಲ. ಆದರೆ ರಸ್ತೆ ಬಿಟ್ಟು ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1882ರ ತಮಿಳುನಾಡು ಅರಣ್ಯ ಕಾಯ್ದೆಯ ಪ್ರಕಾರ ಅತಿಕ್ರಮ ಪ್ರವೇಶ. ಕಾರನ್ನು ಮರದ ಕೆಳಗೆ ನಿಲ್ಲಿಸಿ ಚಿತ್ರ ತೆಗೆಯಬೇಕಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ, ರಸ್ತೆಯ ಸಂಚಾರ ತಡೆಯಬೇಕಿದ್ದರೆ ಪೊಲೀಸರ ಒಪ್ಪಿಗೆ ಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಆ ಜಾಗ ಹಸಿರು ವಲಯವೇ ಎಂದು ಮೊದಲು ನೋಡಬೇಕು. ಹೊಸೂರು ಸಮೀಪದ ಬೆಳಗೊಂಡಪಳ್ಳಿಯಲ್ಲಿ ವಿಮಾನದ ಓಡುದಾರಿ ಇರುವುದರಿಂದ ಈ ಎಚ್ಚರ ಅಗತ್ಯ.

ಕಾರಿನ ವಿಷಯಕ್ಕೆ ಬಂದರೆ, ತಯಾರಕರು ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ, ಕಾನೂನು ಒಪ್ಪದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡೂ ಆಗಬಹುದು. ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸಿದರೆ 189ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. ಬಣ್ಣ ಬದಲಿಸಿದರೆ ಆರ್‌ಟಿಒ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ನಮೂದಿಸಬೇಕು. ಪತ್ರಿಕೆಯಲ್ಲಿ ನಂಬರ್ ಪ್ಲೇಟ್ ಕಾಣಬಾರದೆಂದಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ಅಳಿಸಬೇಕೇ ಹೊರತು ರಸ್ತೆಯಲ್ಲಿ ಬಿಚ್ಚುವಂತಿಲ್ಲ.

ನಿಜವಾಗಿಯೂ ವೇಗದ ಚಿತ್ರವೇ ಬೇಕೆನ್ನುವವರಿಗೆ ತಮಿಳುನಾಡಿನಲ್ಲೇ ರೇಸ್ ಟ್ರ್ಯಾಕ್‌ಗಳಿವೆ. ಒಂದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯಲ್ಲಿ, ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ.

ಊರಿನ ಹುಡುಗರಿಗೆ

ಈಗ ಕ್ಯಾಮೆರಾ ಎಲ್ಲರ ಜೇಬಿನಲ್ಲೂ ಇದೆ. ಅಣ್ಣನ ಹಳೆಯ ಸೆಡಾನನ್ನೋ ಗೆಳೆಯನ ಬೈಕನ್ನೋ ಪತ್ರಿಕೆಯಲ್ಲಿ ಕಂಡಂತೆ ಚಿತ್ರ ತೆಗೆಯುವ ಆಸೆ ಸಹಜ. ಅದಕ್ಕೆ 120ರಲ್ಲಿ ಓಡಿಸಬೇಕಾಗಿಲ್ಲ. ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರನ್ನು 60ರಲ್ಲಿ ಒಂದಕ್ಕೆ ಇಳಿಸಿ, ಊರ ಮುಂದಿನ ಖಾಲಿ ಮೈದಾನದಲ್ಲಿ ಗೆಳೆಯನಿಗೆ 30ರಲ್ಲಿ ಬರಲು ಹೇಳಿ, ಮೊಬೈಲನ್ನು ಗಾಡಿಯ ಜೊತೆಗೇ ತಿರುಗಿಸಿದರೆ ಸಾಕು. ಹತ್ತರಲ್ಲಿ ಒಂದು ಚಿತ್ರ ಗೆಲ್ಲುತ್ತದೆ.

ಹೊರಗಿನಿಂದ ಬರುವ ತಂಡಗಳಿಗೂ ಊರಿನವರು ಒಂದು ಉಪಕಾರ ಮಾಡಬಹುದು. ನಿನ್ನೆ ರಾತ್ರಿ ಆನೆ ಯಾವ ಕಡೆ ಇಳಿಯಿತು ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅದು ಗೊತ್ತಿರುವುದು ರಾಗಿ ಕಾಯುವವರಿಗೆ. ಕಾರು ನಿಲ್ಲಿಸುವ ಮೊದಲು ಅವರನ್ನು ಕೇಳುವವರು ಒಳ್ಳೆಯ ಚಿತ್ರದೊಂದಿಗೆ ಕ್ಷೇಮವಾಗಿ ಮನೆಗೆ ಮರಳುತ್ತಾರೆ. ಅವರು ಹೋದ ಮೇಲೆ ಊರೂ ಕ್ಷೇಮವಾಗಿರುತ್ತದೆ.