ಮಾರಿಕುಪ್ಪದ ಚಿನ್ನ ಮತ್ತು ಖನಿಜದ ಗುರುತು

ಖನಿಜವೆಂದರೆ ನಿಸರ್ಗದಲ್ಲಿ ತಾನಾಗಿ ರೂಪುಗೊಂಡ, ನಿಶ್ಚಿತ ರಾಸಾಯನಿಕ ಸಂಯೋಜನೆಯೂ ಪರಮಾಣುಗಳ ಕ್ರಮಬದ್ಧ ಜೋಡಣೆಯೂ ಇರುವ ಘನವಸ್ತು. ಅದನ್ನು ಬಣ್ಣದಿಂದಷ್ಟೇ ಗುರುತಿಸಹೊರಟವರು ಮೋಸಹೋಗುವುದೇ ಹೆಚ್ಚು.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಕೋಲಾರ ಸೀಮೆಯ ಮಾರಿಕುಪ್ಪದಲ್ಲಿ ಕಂಡಂತೆ, ಗುಂಡಿಗಳಿಂದ ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಸಾಗಿ ಮೇಲೆ ಬಂದ ಕಲ್ಲನ್ನು ಹೆಂಗಸರು ಬಂಡೆಯ ಮೇಲೆ ಕುಟ್ಟಿ, ಪುಡಿಯನ್ನು ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ನೀರಿಗಿಂತ ಸುಮಾರು 19 ಪಟ್ಟು ಸಾಂದ್ರವಾದ ಚಿನ್ನ ತಳದಲ್ಲಿ ಉಳಿಯುತ್ತದೆಂಬ ಈ ಅರಿವು, ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಹತ್ತು ಹಂತಗಳ ಗಡಸುತನದ ಮಾಪನಕ್ಕಿಂತ ಹಳೆಯದು, ಅದರಷ್ಟೇ ಗೌರವಕ್ಕೂ ಅರ್ಹವಾದುದು. ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಚಿನ್ನದಂತೆಯೇ ಹೊಳೆದರೂ ಅದರ ಸಾಂದ್ರತೆ ನೀರಿನ 5 ಪಟ್ಟು ಮಾತ್ರ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಅದು ಹಸಿರುಗಪ್ಪು ಗೆರೆಯನ್ನೂ, ಚಿನ್ನ ಹಳದಿ ಗೆರೆಯನ್ನೂ ಬಿಡುತ್ತದೆ.